ಟಾಮಿಗೆ ಪೈಪು ಸಿಕ್ಕಿಸಿ ನೇತಾಡೋದು ಇನ್ನು ಸಾಕು

ಈ ಸಲದ ಬರಹ ಸ್ವಲ್ಪ ಖಾರ ಇರುತ್ತೆ, ಮೊದಲೇ ಹೇಳಿಬಿಡ್ತೀನಿ. ರೋಟವೇಟರ್ ಬ್ಲೇಡಿನ ಬೋಲ್ಟ್ ಬಗ್ಗೆ ಹಿಂದೆ ಬರೆದಾಗ ಕೊನೇಲಿ ಒಂದು ಸಾಲು ಹಾಕಿದ್ದೆ: ಅಂದಾಜಿನಲ್ಲಿ ಬಿಗಿ ಮಾಡಬೇಡಿ, ಟಾರ್ಕ್ ರೆಂಚ್ ಬಳಸಿ ಅಂತ. ಬರೆದಿದ್ದರಲ್ಲಿ ಬೇರೆ ಯಾವುದಕ್ಕೂ ಇಲ್ಲದ ತಕರಾರು ಆ ಒಂದು ಸಾಲಿಗೆ ಬಂತು. "ಅದೆಲ್ಲ ಫ್ಯಾಕ್ಟರಿಯೋರಿಗೆ ಸ್ವಾಮಿ, ನಮಗ್ಯಾಕೆ." "ಇಪ್ಪತ್ತು ವರ್ಷದಿಂದ ಕೈ ಲೆಕ್ಕದಲ್ಲೇ ಬಿಗಿ ಮಾಡ್ತಿದೀನಿ, ಏನೂ ಆಗಿಲ್ಲ." "ನಟ್ಟು ತಿರುಗಿಸೋಕೂ ಮೀಟರ್ ಬೇಕಾ?" ಒಬ್ಬರಂತೂ ಫೋನ್ ಮಾಡಿ, ನಿಮಗೆ ಆ ಕಂಪನಿಯೋರು ಎಷ್ಟು ಕೊಟ್ರು ಅಂತಲೇ ಕೇಳಿದ್ರು. ಯಾವ ಕಂಪನಿ ಅಂತ ಅವರಿಗೂ ಗೊತ್ತಿರಲಿಲ್ಲ.

ಈ ಮಾತನ್ನ ಬೇರೆ ಊರಿನೋರು ಆಡಿದ್ರೆ ಸುಮ್ಮನಿರ್ತಿದ್ದೆ. ನಾವು ಭದ್ರಾವತಿಯೋರು ಕಣ್ರಿ. 1923ರಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾಯ್ತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆ ಆಯ್ತು. ಓಲ್ಡ್ ಟೌನಿನಲ್ಲಿ ಹತ್ತು ಮನೆ ಬಾಗಿಲು ತಟ್ಟಿದ್ರೆ ಒಂದೆರಡಾದ್ರೂ ಮನೇಲಿ ಅಪ್ಪನೋ ಅಜ್ಜನೋ ಫಿಟ್ಟರ್, ಟರ್ನರ್, ಮಿಲ್‌ರೈಟ್ ಆಗಿದ್ದೋರು ಸಿಗ್ತಾರೆ. ಹೊಳೆ ಈಚೆ ಗದ್ದೆ, ಆಚೆ ಶಿಫ್ಟಿನ ಸೈರನ್, ಎರಡನ್ನೂ ನಂಬಿ ಸಂಸಾರ ಮಾಡಿದ ಊರು ಇದು. ಫ್ಯಾಕ್ಟರಿ ಒಳಗೆ ಬೇರಿಂಗ್ ಹೌಸಿಂಗಿನ ಬೋಲ್ಟನ್ನ ಲೆಕ್ಕ ಇಟ್ಟು ಬಿಗಿ ಮಾಡ್ತಿದ್ದ ಕೈಗಳೇ ಸಂಜೆ ಮನೆಗೆ ಬಂದು ಟಿಲ್ಲರಿನ ಬೋಲ್ಟಿಗೆ ಪೈಪು ಹಾಕಿ ಜಗ್ಗುತ್ತಿದ್ವು! ಕೇಳಿದ್ರೆ "ಅದು ಕಂಪನಿ ಮಾಲು, ಇದು ನಮ್ಮದು" ಅಂತ ಉತ್ತರ. ನಮ್ಮದಾದ್ರೆ ಹೆಚ್ಚು ಜೋಪಾನ ಮಾಡಬೇಕಿತ್ತಲ್ವಾ? ಈಗ ಕಾಗದದ ಕಾರ್ಖಾನೇಲಿ 2015ರಿಂದ ಉತ್ಪಾದನೆ ಇಲ್ಲ. ಕಬ್ಬಿಣದ ಕಾರ್ಖಾನೆಯ ಕಥೆ ನಿಮಗೇ ಗೊತ್ತು, ನಾನು ಹೇಳೋದು ಬೇಡ. ಆ ಫಿಟ್ಟರುಗಳೆಲ್ಲ ವಯಸ್ಸಾದೋರು. ಅವರ ಜೊತೆ ಆ ಶಿಸ್ತೂ ಹೋಗ್ತಾ ಇದೆ, ಉಳಿದಿರೋದು ಪೈಪು ಮಾತ್ರ.

ಮೊದಲು ಈ "ಕೈಗೆ ಗೊತ್ತಾಗುತ್ತೆ" ಅನ್ನೋ ಮಾತನ್ನ ಮುಗಿಸೋಣ. ಕೈಗೆ ಏನೂ ಗೊತ್ತಾಗಲ್ಲ. ಟಾರ್ಕ್ ಅಂದ್ರೆ ಎಷ್ಟು ತೂಕ ಹಾಕಿದ್ರಿ, ಎಷ್ಟು ದೂರದಲ್ಲಿ ಹಾಕಿದ್ರಿ, ಇವೆರಡರ ಗುಣಾಕಾರ. ಒಂದು ಯೂರಿಯಾ ಚೀಲ ಈಗ 45 ಕೆಜಿ. ನಟ್ಟಿನ ನಡುವಿನಿಂದ 45 ಸೆಂಟಿಮೀಟರ್ ದೂರದಲ್ಲಿ ಆ ಚೀಲ ನೇತು ಹಾಕಿದ್ರೆ ಆಗೋದು ಸುಮಾರು 200 ನ್ಯೂಟನ್ ಮೀಟರ್. ಎಂ 16 ಬೋಲ್ಟು, ತಲೆ ಮೇಲೆ 8.8 ಅಂತ ಇರೋದು, ಅದಕ್ಕೆ ಸ್ವಲ್ಪ ಎಣ್ಣೆ ಪಸೆ ಇದ್ದಾಗ ಬೇಕಾಗೋದು ಹೆಚ್ಚು ಕಡಿಮೆ ಅಷ್ಟೇ, 210ರ ಆಸುಪಾಸು. ಈಗ ನಮ್ಮ ಪೈಲ್ವಾನ್ ಏನ್ ಮಾಡ್ತಾನೆ? ಟಾಮಿಗೆ ಒಂದು ಮೀಟರ್ ಜಿಐ ಪೈಪ್ ಸಿಕ್ಕಿಸಿ ಅದರ ತುದಿ ಮೇಲೆ ನಿಂತು ಕುಣೀತಾನೆ. ಆಸಾಮಿ 70 ಕೆಜಿ ಇದ್ರೆ ಸುಮ್ಮನೆ ನಿಂತರೇ 680 ದಾಟುತ್ತೆ, ಕುಣಿದಿದ್ದು ಬೇರೆ. ಬೇಕಾದ್ದಕ್ಕಿಂತ ಮೂರು ಪಟ್ಟು! ಅದೇ ಮನುಷ್ಯ ಎಂ 8 ಬೋಲ್ಟಿಗೂ ಅದೇ ಹುಮ್ಮಸ್ಸು ತೋರಿಸ್ತಾನೆ. ಅದಕ್ಕೆ ಬೇಕಾಗಿರೋದು 25. ಎಂ 10ಕ್ಕೆ ಸುಮಾರು 50, ಎಂ 12ಕ್ಕೆ ಸುಮಾರು 85. ಇವೆಲ್ಲ 8.8 ದರ್ಜೆಯ ಬೋಲ್ಟಿನ ಸಾಮಾನ್ಯ ಲೆಕ್ಕ. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಅಂಕಿ ಇದ್ರೆ ಅದೇ ಸರಿ, ನನ್ನದಲ್ಲ.

ಹೆಚ್ಚು ಬಿಗಿ ಮಾಡಿದ್ರೆ ಒಳ್ಳೇದೇ ಅಲ್ವಾ ಅನ್ನೋದು ಎರಡನೇ ಮೂಢನಂಬಿಕೆ. ಬೋಲ್ಟ್ ಒಂದು ಸ್ಪ್ರಿಂಗ್ ಇದ್ದಂಗೆ. ಬಿಗಿ ಮಾಡಿದಾಗ ಕೂದಲೆಳೆಯಷ್ಟು ಉದ್ದ ಆಗುತ್ತೆ, ವಾಪಸ್ ಚಿಕ್ಕದಾಗೋಕೆ ಎಳೀತಾ ಇರುತ್ತೆ, ಆ ಎಳೆತವೇ ಎರಡು ಭಾಗವನ್ನ ಒತ್ತಿ ಹಿಡಿಯೋದು. 8.8 ಅಂದ್ರೆ ಏನು? ಆ ಉಕ್ಕು ಹರಿಯೋದು ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ನಿನಲ್ಲಿ, ಆದ್ರೆ ಅದರ 0.8 ಪಾಲು, ಅಂದ್ರೆ 640ಕ್ಕೇ ಅದು ಸ್ಪ್ರಿಂಗ್ ಗುಣ ಕಳ್ಕೊಂಡು ಜಗ್ಗಿ ಹೋಗುತ್ತೆ. ಜಗ್ಗಿದ ಬೋಲ್ಟ್ ನೋಡೋಕೆ ಚೆನ್ನಾಗೇ ಇರುತ್ತೆ. ಮುರಿಯೋದು ಅವತ್ತಲ್ಲ. ಮೂರು ವಾರ ಬಿಟ್ಟು, ಲೋಡ್ ಇದ್ದಾಗ, ರಸ್ತೆ ಮಧ್ಯೆ. ಆಗ ನಾವು "ಈಗಿನ ಬೋಲ್ಟ್ ಕ್ವಾಲಿಟಿ ಇಲ್ಲ ಮಾರಾಯ" ಅಂತ ಅಂಗಡಿಯೋನ್ನ ಬೈತೀವಿ.

ಕಡಿಮೆ ಬಿಗಿ ಆದ್ರೂ ಅಷ್ಟೇ ಕೇಡು. ಅಡ್ಡಡ್ಡ ಅದುರುವಿಕೆಗೆ ಬೋಲ್ಟ್ ಹೇಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತೆ ಅನ್ನೋದನ್ನ ಗೆರ್ಹಾರ್ಡ್ ಯುಂಕರ್ ಅನ್ನೋ ಜರ್ಮನಿಯ ಎಂಜಿನಿಯರ್ 1969ರಲ್ಲೇ ಯಂತ್ರ ಮಾಡಿ ತೋರಿಸಿದ್ದಾನೆ. ಆ ರೀತಿಯ ಪರೀಕ್ಷೇಲಿ ನಾವು ನಂಬಿಕೊಂಡಿರೋ ಸ್ಪ್ರಿಂಗ್ ವಾಷರ್ ಹೆಚ್ಚೇನೂ ಉಪಯೋಗಕ್ಕೆ ಬರಲ್ಲ. ಬೋಲ್ಟ್ ನಿಲ್ಲೋದು ಅದರ ಎಳೆತದಿಂದ. ಎಳೆತ ಸಾಕಷ್ಟಿಲ್ಲದಿದ್ರೆ ಎರಡು ವಾಷರ್ ಹಾಕಿ, ನಾಲ್ಕು ಹಾಕಿ, ರೋಟವೇಟರ್ ಅದನ್ನ ಬಿಚ್ಚಿ ಕೊಡುತ್ತೆ.

ನಮ್ಮ ಕಡೆ ಇದು ಯಾವಾಗ ಕೈ ಕೊಡುತ್ತೆ ಅಂದ್ರೆ, ಕೆಸರು ಹೊಡೆಯೋ ಕಾಲದಲ್ಲಿ. ಭದ್ರಾ ನಾಲೆಗೆ ನೀರು ಬಿಟ್ಟ ತಕ್ಷಣ ಗೊಂದಿಯಿಂದ ಹೊಳೆಹೊನ್ನೂರು ತನಕ ಎಲ್ಲರಿಗೂ ಒಂದೇ ಸಲ ಟ್ರ್ಯಾಕ್ಟರ್ ಬೇಕು. ಕೇಜ್ ವೀಲ್ ಹಾಕು, ಗದ್ದೆ ಮುಗಿಸು, ಕೇಜ್ ವೀಲ್ ಬಿಚ್ಚು, ರಬ್ಬರ್ ಚಕ್ರದಲ್ಲಿ ಮನೆಗೆ ಬಾ. ಒಂದು ಹಂಗಾಮಿನಲ್ಲಿ ಚಕ್ರದ ನಟ್ಟನ್ನ ಎಷ್ಟು ಸಲ ಬಿಚ್ಚಿ ಹಾಕ್ತೀವಿ ಅಂತ ಲೆಕ್ಕ ಇಟ್ಟವರು ಯಾರಾದ್ರೂ ಇದ್ದೀರಾ? ಅದೂ ಬದುವಿನ ಮೇಲೆ, ಕತ್ತಲಲ್ಲಿ, ಮೈಯೆಲ್ಲ ಕೆಸರು. ಹಬ್ಬಿಗೂ ರಿಮ್ಮಿಗೂ ಮಧ್ಯೆ ಒಂದು ಪದರ ಕೆಸರು ಸಿಕ್ಕಿಕೊಂಡಿರುತ್ತೆ. ಅವತ್ತು ನಟ್ಟು ಗಟ್ಟಿ ಕೂತಂಗೆ ಕಾಣುತ್ತೆ. ಆಮೇಲೆ ಒಣಗಿ ಪುಡಿಯಾಗಿ ಉದುರುತ್ತೆ. ಅರ್ಧ ಮಿಲಿಮೀಟರ್ ಜಾಗ ಖಾಲಿ ಆದ್ರೆ ಸಾಕು, ಬೋಲ್ಟಿನ ಎಳೆತ ಪೂರ್ತಿ ಹೋಯ್ತು. ಅದಕ್ಕೇ ಹೇಳೋದು, ವೈರ್ ಬ್ರಷ್‌ನಲ್ಲಿ ಎರಡೂ ಮುಖ ಉಜ್ಜಿ, ಎದುರು ಬದುರು ನಟ್ಟು ಹಿಡಿದು ಎರಡು ಮೂರು ಹಂತದಲ್ಲಿ ಬಿಗಿ ಮಾಡಿ, ಒಂದು ಗಂಟೆ ಕೆಲಸ ಆದ ಮೇಲೆ ಮತ್ತೊಮ್ಮೆ, ಒಂದು ದಿನ ಆದ ಮೇಲೆ ಇನ್ನೊಮ್ಮೆ ರೆಂಚ್ ಇಟ್ಟು ನೋಡಿ. ಐದು ನಿಮಿಷದ ಕೆಲಸ.

ಇನ್ನು ಪಂಕ್ಚರ್ ಅಂಗಡಿಗಳ ಗಾಳಿ ಗನ್ ವಿಚಾರ. ಹೋದ ವರ್ಷ ನಮ್ಮ ಟ್ರೈಲರಿನ ಬಲಗಡೆ ಚಕ್ರ ಪಂಕ್ಚರ್ ಆಗಿ ಒಂದು ಅಂಗಡೀಲಿ ಹಾಕಿಸಿದ್ವಿ. ಯಾವ ಅಂಗಡಿ ಅನ್ನೋದು ಬೇಡ, ಎಲ್ಲರೂ ಅದನ್ನೇ ಮಾಡೋದು. ಹುಡುಗ ಗನ್ ಹಿಡಿದು ಟರ್‌ರ್ ಅನ್ನಿಸಿದ, ಒಂದೊಂದು ನಟ್ಟಿಗೆ ಎರಡು ಸೆಕೆಂಡ್. ನಾಲ್ಕನೇ ದಿನ ಹೊಳೆಹೊನ್ನೂರು ರಸ್ತೇಲಿ ಭತ್ತದ ಲೋಡ್ ಬರ್ತಿದ್ದಾಗ ಎರಡು ಸ್ಟಡ್ ತುಂಡಾಗಿ, ಉಳಿದವು ಬಾಗಿ, ಚಕ್ರ ಹೊರಗೆ ಬಂತು. ಟ್ರೈಲರ್ ಒಂದು ಕಡೆ ವಾಲಿ ಚೀಲ ಬಿದ್ದಿದ್ದು ಹೋಗ್ಲಿ, ಆ ಚಕ್ರ ಉರುಳಿಕೊಂಡು ಹೋಗಿ ಶಾಲೆ ಬಿಟ್ಟು ಬರ್ತಿದ್ದ ಮಕ್ಕಳ ಮುಂದೆ, ಇಪ್ಪತ್ತು ಹೆಜ್ಜೆ ಆಚೆ, ಚರಂಡಿಗೆ ಬಿತ್ತು. ನಾನು ಹಿಂದೆ ಬೈಕಿನಲ್ಲಿದ್ದೆ. ಅಂಗಡಿಗೆ ಹೋಗಿ ಕೇಳಿದ್ರೆ "ಗನ್ನಲ್ಲಿ ಹಾಕಿದ್ದು ಸಾರ್, ಲೂಸ್ ಆಗೋ ಮಾತೇ ಇಲ್ಲ" ಅಂದ್ರು. ಲೂಸ್ ಆಗಿದ್ದಲ್ಲ ಕಣಪ್ಪ, ನೀನು ಸ್ಟಡ್ ಜಗ್ಗಿಸಿ ಸಾಯಿಸಿ ಕಳಿಸಿದ್ದೆ. ತುಂಡಾದ ಸ್ಟಡ್ ನೋಡಿದ್ರೆ ಗೊತ್ತಾಗುತ್ತೆ, ಥ್ರೆಡ್ಡಿನ ಹತ್ತಿರ ಸೊಂಟ ಸಣ್ಣ ಆಗಿತ್ತು, ಎಳೆದು ಜಗ್ಗಿದ ಗುರುತು.

ಗನ್ ಹಾಕಿದ ಮೇಲೆ ಟಾರ್ಕ್ ರೆಂಚ್ ಇಟ್ಟು "ಕ್ಲಿಕ್" ಅನ್ನಿಸಿ ತೋರಿಸೋ ಬುದ್ಧಿವಂತರೂ ಇದ್ದಾರೆ. ಇದು ದೊಡ್ಡ ಮೋಸ. ರೆಂಚ್ ಕ್ಲಿಕ್ ಅಂದ್ರೆ "ನೀನು ಹೇಳಿದಷ್ಟು ಅಥವಾ ಅದಕ್ಕಿಂತ ಹೆಚ್ಚು ಇದೆ" ಅಂತ ಅರ್ಥ. ಗನ್ನು 500 ಕೊಟ್ಟಿದ್ರೆ 200ಕ್ಕೆ ಸೆಟ್ ಮಾಡಿದ ರೆಂಚ್ ಇಟ್ಟ ತಕ್ಷಣ ಕ್ಲಿಕ್ ಅನ್ನುತ್ತೆ. ಹೆಚ್ಚಾಗಿದ್ದನ್ನ ಅದು ಹೇಳಲ್ಲ. ಗನ್ನಿನಿಂದ ಬರೀ ಓಡಿಸಿ ಕೂರಿಸಿ, ಕೊನೇ ಬಿಗಿ ಕೈಯಲ್ಲಿ ರೆಂಚಿನಿಂದ. ಅಂಗಡಿಯೋರು ಮುಖ ಸಿಂಡರಿಸಿದ್ರೆ ಸಿಂಡರಿಸಲಿ, ಚಕ್ರ ನಮ್ಮದು.

ಈಗ ಯಾವುದು ತಗೋಬೇಕು ಅನ್ನೋದಕ್ಕೆ ಬರೋಣ. ಇಲ್ಲಿ ಇನ್ನೊಂದು ಗುಂಪಿನ ಮೇಲೆ ನನ್ನ ಸಿಟ್ಟು, ಮಾರೋರ ಮೇಲೆ. "500 ನ್ಯೂಟನ್ ಮೀಟರ್‌ದು ತಗೊಳಿ ಸಾರ್, ಎಲ್ಲಾದಕ್ಕೂ ಆಗುತ್ತೆ" ಅಂತಾರೆ. ಎಲ್ಲಾದಕ್ಕೂ ಆಗೋ ಟಾರ್ಕ್ ರೆಂಚ್ ಅನ್ನೋದೇ ಇಲ್ಲ. ಐಎಸ್‌ಒ 6789 ಅನ್ನೋ ಮಾನದಂಡದಲ್ಲಿ ಈ ತಿರುಗಿಸಿ ಸೆಟ್ ಮಾಡೋ ರೆಂಚನ್ನ ಪರೀಕ್ಷೆ ಮಾಡೋದು ಅದರ ಗರಿಷ್ಠದ ಶೇ. 20, ಶೇ. 60 ಮತ್ತು ಶೇ. 100ರಲ್ಲಿ. 10 ನ್ಯೂಟನ್ ಮೀಟರಿಗಿಂತ ದೊಡ್ಡ ರೆಂಚಿಗೆ ಆಚೀಚೆ ಶೇ. 4ರಷ್ಟು ಮಾತ್ರ ತಪ್ಪಬಹುದು. ಆ ಶೇ. 20ರ ಕೆಳಗೆ ರೆಂಚ್ ಏನು ಹೇಳಿದ್ರೂ ಅದಕ್ಕೆ ಜಾಮೀನು ಇಲ್ಲ. ಅಂದ್ರೆ 500ರ ರೆಂಚು 100ರ ಕೆಳಗೆ ನಂಬಿಕೆಗೆ ಅರ್ಹ ಅಲ್ಲ. ನಿಮ್ಮ ಪಂಪ್‌ಸೆಟ್ಟು, ಟಿಲ್ಲರು, ಅಡಿಕೆ ಸುಲಿಯೋ ಮಷಿನ್ನು, ಅವುಗಳ ಮುಕ್ಕಾಲು ಪಾಲು ಬೋಲ್ಟು 100ರ ಕೆಳಗೇ ಇರೋದು! ದೊಡ್ಡದು ತಗೊಂಡೋನ ಗತಿ ಹತ್ತಿ ತೂಗೋಕೆ ಲಾರಿ ತೂಕದ ಕಾಟಾ ಕಟ್ಟಿಸಿದಂಗೆ.

ನನ್ನ ಲೆಕ್ಕ ಹೀಗೆ. ಒಬ್ಬ ರೈತ ಒಂದೇ ತಗೊಳ್ಳೋದಾದ್ರೆ ಅರ್ಧ ಇಂಚು ಚೌಕದ, 40ರಿಂದ 200 ವ್ಯಾಪ್ತಿಯ, ಕ್ಲಿಕ್ ಅನ್ನೋ ಮಾದರಿ. ರೋಟವೇಟರ್, ಟ್ರ್ಯಾಕ್ಟರಿನ ಮುಂದಿನ ಚಕ್ರ, ಡೀಸೆಲ್ ಪಂಪ್‌ಸೆಟ್ಟಿನ ಹೆಡ್ ಬೋಲ್ಟ್, ಇಷ್ಟಕ್ಕೆ ಸಾಕು. ಹಿಂದಿನ ದೊಡ್ಡ ಚಕ್ರಕ್ಕೆ ಮತ್ತು ಲೋಡ್ ಟ್ರೈಲರಿಗೆ ಹಲವು ಕಡೆ ಅದರ ಮಿತಿ ದಾಟುತ್ತೆ, ಅದಕ್ಕೆ ಮುಕ್ಕಾಲು ಇಂಚಿನದೇ ಬೇಕು. ಅದನ್ನ ಒಬ್ಬೊಬ್ಬರೂ ತಗೊಳ್ಳೋದು ದಂಡ, ಎಂಟು ಹತ್ತು ಜನ ಸೇರಿ ಒಂದು ಇಟ್ಟುಕೊಳ್ಳೋದು ಜಾಣತನ. ತೋಟದೋರಿಗೆ ಇನ್ನೊಂದು ಚಿಕ್ಕದು ಬೇಕು, 5ರಿಂದ 25ರದ್ದು. ಯಾಕಂದ್ರೆ ಕಳೆ ಕತ್ತರಿಸೋ ಮಷಿನ್ನು, ಔಷಧಿ ಹೊಡೆಯೋ ಪಂಪು, ಇವುಗಳ ಎಂಜಿನ್ ಅಲ್ಯೂಮಿನಿಯಂ. ಅದರ ಸ್ಪಾರ್ಕ್ ಪ್ಲಗ್ಗಿಗೆ ಬೇಕಾಗೋದು 20-25ರ ಒಳಗೆ. ನಮ್ಮ ಪೈಲ್ವಾನ್ ಉದ್ದ ಟಾಮಿ ಹಾಕಿ ತಿರುಗಿಸಿದ್ರೆ ಥ್ರೆಡ್ ಪುಡಿ, ಅಲ್ಲಿಗೆ ಹೊಸ ಸಿಲಿಂಡರ್.

ಕಳೆ ಮಷಿನ್ನಿನ ಮಾತು ಬಂತು ಅಂತ ಹೇಳ್ತೀನಿ, ಅದರ ಬ್ಲೇಡ್ ನಟ್ಟು ಸಾಮಾನ್ಯವಾಗಿ ಎಡ ಥ್ರೆಡ್ಡು, ಉಲ್ಟಾ ತಿರುಗಿಸಿ ಬಿಗಿ ಮಾಡಬೇಕು. ಅಂಗಡೀಲಿ ಸಿಗೋ ಎಷ್ಟೋ ಕ್ಲಿಕ್ ರೆಂಚು ಬಲಕ್ಕೆ ತಿರುಗಿಸಿದಾಗ ಮಾತ್ರ ಅಳೆಯುತ್ತೆ. ಎಡಕ್ಕೆ ರ‍್ಯಾಚೆಟ್ ತಿರುಗುತ್ತೆ, ಕ್ಲಿಕ್ ಅನ್ನಲ್ಲ, ನೀವು ಕ್ಲಿಕ್ ಬರಲಿ ಅಂತ ಜಗ್ಗುತ್ತಾ ಇರ್ತೀರಾ, ಆ ಕಡೆ ನಟ್ಟು ಕಿತ್ತು ಬರುತ್ತೆ. ತಗೊಳ್ಳೋವಾಗ ಎರಡೂ ಕಡೆ ಅಳೆಯುತ್ತಾ ಅಂತ ಕೇಳಿ. ಕೇಳಿದ್ರೆ ಮಾರೋ ಹುಡುಗನೇ ಒಳಗೆ ಹೋಗಿ ವಿಚಾರಿಸಿಕೊಂಡು ಬರ್ತಾನೆ, ನೋಡ್ತಾ ಇರಿ.

ಡಿಜಿಟಲ್ ಬೇಡ್ವಾ ಅಂತೀರಿ. ದುಡ್ಡಿದ್ದೋರು ತಗೊಳಿ. ಅಂಕಿ ತೋರಿಸುತ್ತೆ, ಬೀಪ್ ಅನ್ನುತ್ತೆ, ಸೊಗಸಾಗಿದೆ. ನಮ್ಮ ಮಳೆಗಾಲ, ನಮ್ಮ ಶೆಡ್ಡು, ಸತ್ತ ಸೆಲ್ಲು, ಇದನ್ನೂ ಲೆಕ್ಕ ಹಾಕಿ. ಇನ್ನು ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಬಡವರ ಮಾದರಿ ಇದೆ: ಉದ್ದ ಕಂಬಿ, ಪಕ್ಕದಲ್ಲಿ ಒಂದು ಮುಳ್ಳು, ಕೆಳಗೆ ಅಂಕಿ ಕೊರೆದ ಪಟ್ಟಿ. ಕಂಬಿ ಬಾಗಿದಷ್ಟೂ ಮುಳ್ಳು ಮುಂದೆ ತೋರಿಸುತ್ತೆ. ಒಳಗೆ ಸ್ಪ್ರಿಂಗ್ ಇಲ್ಲ, ಕೆಡೋದು ಅಪರೂಪ, ಎಡಕ್ಕೂ ಬಲಕ್ಕೂ ಅಳೆಯುತ್ತೆ. ಮೇಲಿಂದ ನೇರ ನೋಡಿ ಓದಬೇಕು, ಅದೊಂದೇ ಕಷ್ಟ. ಟಿಲ್ಲರ್ ಒಂದೇ ಇರೋರಿಗೆ ಇದು ಧಾರಾಳ ಸಾಕು.

ಆನ್‌ಲೈನಿನಲ್ಲಿ ಹೆಸರಿಲ್ಲದ, ಕಡಿಮೆ ಬೆಲೆಯ, ಕೆಂಪು ಡಬ್ಬಿಯ ಸೆಟ್ಟುಗಳ ಬಗ್ಗೆ ಒಂದೇ ಪ್ರಶ್ನೆ ಕೇಳ್ತೀನಿ. ಆ ರೆಂಚಿನ ಮೈಮೇಲೆ ಸೀರಿಯಲ್ ನಂಬರ್ ಇದೆಯಾ, ಡಬ್ಬಿಯೊಳಗಿನ ಕಾಗದದಲ್ಲಿ ಅದೇ ನಂಬರ್ ಇದೆಯಾ? ಎರಡೂ ಹೊಂದಿದ್ರೆ ಆ ರೆಂಚನ್ನ ಯಾರೋ ಒಬ್ಬರು ಪರೀಕ್ಷೆ ಮಾಡಿದ್ದಾರೆ. ಸಾವಿರಾರು ಡಬ್ಬಿಗೆ ಒಂದೇ ಅಚ್ಚಿನ "ಕ್ಯಾಲಿಬ್ರೇಷನ್ ಸರ್ಟಿಫಿಕೇಟ್" ಹಾಕಿದ್ರೆ ಅದು ಮದುವೆ ಕರೆಯೋಲೆಗೆ ಸಮ. ಬೆಲೆ ವಿಚಾರಕ್ಕೆ ಬಂದ್ರೆ, ಒಂದು ಕ್ವಿಂಟಾಲ್ ರಾಶಿ ಇಡಿ ಮಾರಿದ ದುಡ್ಡಿನಲ್ಲಿ ಸಣ್ಣದೊಂದು ಪಾಲಿಗೆ ಒಳ್ಳೇ ಅರ್ಧ ಇಂಚಿನ ರೆಂಚು ಬರುತ್ತೆ. ನಾವು ಟ್ರ್ಯಾಕ್ಟರಿಗೆ ಹಾಕಿಸೋ ಹಾಡಿನ ಡಬ್ಬ, ಬಣ್ಣದ ಲೈಟು, ಮುಂದೆ ಕಟ್ಟೋ ಕುಚ್ಚು, ಇದರ ಖರ್ಚು ಸೇರಿಸಿ ನೋಡಿ.

ಅಳತೆ ಪಟ್ಟಿ ನೋಡೋವಾಗ ಹುಷಾರು. ಹೆಚ್ಚಿನ ರೆಂಚಿನಲ್ಲಿ ಎರಡು ಸಾಲು ಅಂಕಿ ಇರುತ್ತೆ, ಒಂದು ನ್ಯೂಟನ್ ಮೀಟರ್, ಇನ್ನೊಂದು ಪೌಂಡು ಅಡಿ. ಪೌಂಡು ಅಡಿಯಲ್ಲಿ 100 ಅಂದ್ರೆ 136 ನ್ಯೂಟನ್ ಮೀಟರ್. ನಮ್ಮ ಹಳೇ ಎಂಜಿನ್ ಪುಸ್ತಕದಲ್ಲಿ ಕೆಜಿ ಮೀಟರ್ ಇರುತ್ತೆ, ಅಲ್ಲಿ 10 ಅಂದ್ರೆ ಇಲ್ಲಿ 98. ಸಾಲು ತಪ್ಪಿ ಓದಿದ್ರೆ ರೆಂಚ್ ಇದ್ದೂ ಹೆಡ್ ಗ್ಯಾಸ್ಕೆಟ್ ಹೋಗುತ್ತೆ, ಆಮೇಲೆ "ನೋಡಿದ್ರಾ, ನಾನು ಹೇಳ್ಲಿಲ್ವಾ" ಅಂತ ಪೈಪಿನ ಪಾರ್ಟಿಯೋರು ಬರ್ತಾರೆ.

ಅವರು ಎತ್ತೋ ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದನ್ನ ಒಪ್ಪಿಕೊಂಡೇ ಮುಂದೆ ಹೋಗಬೇಕು. ಟಾರ್ಕ್ ಸರಿ ಇದ್ದ ಮಾತ್ರಕ್ಕೆ ಬೋಲ್ಟಿನ ಎಳೆತ ಸರಿ ಇರುತ್ತೆ ಅಂತ ಇಲ್ಲ. ನಾವು ಹಾಕೋ ತಿರುಗು ಬಲ ನೂರು ಪಾಲು ಅಂದ್ರೆ, ಹೆಚ್ಚು ಕಡಿಮೆ ಐವತ್ತು ಬೋಲ್ಟಿನ ತಲೆ ಕೆಳಗಿನ ಉಜ್ಜಾಟಕ್ಕೇ ಹೋಗುತ್ತೆ, ನಲವತ್ತು ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನ ಎಳೆದು ಹಿಡಿಯೋದು ಉಳಿದ ಹತ್ತು ಮಾತ್ರ. ತುಕ್ಕು ಹಿಡಿದ ನಟ್ಟಿನಲ್ಲಿ ಆ ಹತ್ತೂ ಉಳಿಯಲ್ಲ, ರೆಂಚ್ ಕ್ಲಿಕ್ ಅನ್ನುತ್ತೆ, ಚಕ್ರ ಲೂಸು. ಅದೇ ಗ್ರೀಸ್ ಮೆತ್ತಿದ್ರೆ ಉಜ್ಜಾಟ ಕಡಿಮೆ ಆಗಿ ಅದೇ ಅಂಕಿಗೆ ಎಳೆತ ಮೂರನೇ ಒಂದರಷ್ಟು ಜಾಸ್ತಿ ಆಗಿಬಿಡಬಹುದು. ಹಾಗಾದ್ರೆ ರೆಂಚ್ ಯಾಕೆ ಅಂತೀರಾ? ಥ್ರೆಡ್ ಸ್ವಚ್ಛ ಮಾಡಿ, ಪುಸ್ತಕದಲ್ಲಿ ಒಣಗಿರಲಿ ಅಂದ್ರೆ ಒಣಗಿಸಿ, ಎಣ್ಣೆ ಅಂದ್ರೆ ಎಣ್ಣೆ ಹಾಕಿ, ಆಮೇಲೆ ರೆಂಚ್ ಇಟ್ಟರೆ ಆ ಹತ್ತು ಪಾಲು ಪ್ರತಿ ನಟ್ಟಿಗೂ ಹೆಚ್ಚು ಕಡಿಮೆ ಸಮ ಬರುತ್ತೆ. ಪೈಪಿನಲ್ಲಿ ಅದೂ ಬರಲ್ಲ, ಎಂಟು ನಟ್ಟಿಗೆ ಎಂಟು ಥರ. ಹೆಡ್ ಬಾಗೋದು, ಗ್ಯಾಸ್ಕೆಟ್ ಸುಡೋದು ಈ ಅಸಮದಿಂದಲೇ. ಹೆಡ್ ಬೋಲ್ಟನ್ನ ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ ಬಿಗಿ ಮಾಡಿ ಅಂತ ಹೇಳೋದೂ ಇದಕ್ಕೇ.

ಇದೇನು ಹೊಸ ಶೋಕಿಯೂ ಅಲ್ಲ. ಈ ರೆಂಚನ್ನ ಮೊದಲು ಮಾಡಿದ್ದು 1918ರಲ್ಲಿ ನ್ಯೂಯಾರ್ಕ್ ನಗರದ ನೀರು ಸರಬರಾಜು ವಿಭಾಗದಲ್ಲಿ ಕೆಲಸಕ್ಕಿದ್ದ ಕಾನ್ರಾಡ್ ಬಾರ್ ಅಂತಾರೆ. ನೀರಿನ ದೊಡ್ಡ ಪೈಪುಗಳ ಫ್ಲೇಂಜ್ ಬೋಲ್ಟನ್ನ ಕೆಲಸದೋರು ವಿಪರೀತ ಬಿಗಿ ಮಾಡಿ ಒಡೀತಿದ್ರಂತೆ. ನಮ್ಮ ಪಂಪ್‌ಸೆಟ್ಟಿನ ಡೆಲಿವರಿ ಫ್ಲೇಂಜ್ ನೆನಪಾಯ್ತಾ? ಬೀಡು ಕಬ್ಬಿಣದ ಕಿವಿ ಒಡೆದು, ಸೈಕಲ್ ಟ್ಯೂಬ್ ಸುತ್ತಿ, ನೀರು ಅರ್ಧ ಬಾವಿಗೇ ವಾಪಸ್. ನೂರು ವರ್ಷ ಹಿಂದಿನ ಕಾಯಿಲೆ, ಮದ್ದೂ ಅಷ್ಟೇ ಹಳೇದು.

ತಗೊಂಡ ಮೇಲೆ ಹಾಳು ಮಾಡೋ ವಿಧಾನಗಳೂ ನಮಗೆ ಚೆನ್ನಾಗಿ ಗೊತ್ತು. ಅದರಲ್ಲೇ ನಟ್ಟು ಬಿಚ್ಚೋದು. ಕ್ಲಿಕ್ ಅಂದ ಮೇಲೂ "ಇನ್ನೊಂದ್ ಸಲ" ಅಂತ ಜಗ್ಗೋದು. ಸುತ್ತಿಗೆ ಥರ ಬಡಿಯೋದು. ಹಿಡಿಕೆಗೆ ಮತ್ತದೇ ಪೈಪು ಸಿಕ್ಕಿಸೋದು. ಹಿಡಿಕೆಯ ನಡುವೆ ಗುರುತು ಇರುತ್ತೆ, ಅಲ್ಲೇ ಹಿಡಿದು ನಿಧಾನ, ಒಂದೇ ಸಮ ಎಳೀಬೇಕು, ಕ್ಲಿಕ್ ಅಂದ ಕೂಡಲೇ ಕೈ ಬಿಡಬೇಕು. ಕೆಲಸ ಮುಗಿದ ಮೇಲೆ ಅಂಕಿಯನ್ನ ಅದರ ಕನಿಷ್ಠಕ್ಕೆ ಇಳಿಸಿ ಡಬ್ಬೀಲಿಡಿ. 180ಕ್ಕೆ ಸೆಟ್ ಮಾಡಿ ಆರು ತಿಂಗಳು ಅಟ್ಟದ ಮೇಲೆ ಎಸೆದ್ರೆ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇದ್ದು ಸೋಲುತ್ತೆ. ಹಾಗಂತ ಕನಿಷ್ಠಕ್ಕಿಂತ ಕೆಳಗೆ ಪೂರ್ತಿ ಬಿಚ್ಚಲೂಬಾರದು. ಬಹಳ ದಿನ ಬಿಟ್ಟು ತೆಗೆದಾಗ ನಾಲ್ಕೈದು ಸಲ ಸುಮ್ಮನೆ ಕ್ಲಿಕ್ ಅನ್ನಿಸಿ ಆಮೇಲೆ ಕೆಲಸಕ್ಕೆ ಇಳೀರಿ.

ಜಾಗ ಸಿಗದ ಕಡೆ ಮುಂದೆ ಕಾಗೆ ಕಾಲಿನ ಸ್ಪ್ಯಾನರ್ ಸಿಕ್ಕಿಸೋರಿಗೆ ಒಂದು ಲೆಕ್ಕ. ರೆಂಚು ಚೌಕದಿಂದ ಹಿಡಿಕೆಗೆ 50 ಸೆಂಟಿಮೀಟರ್, ಮುಂದೆ ನೇರಕ್ಕೆ ಸೇರಿಸಿದ್ದು 10 ಅಂತಿಟ್ಟುಕೊಳ್ಳಿ. ಬೇಕಾದ ಅಂಕಿಯನ್ನ 50ರಿಂದ ಗುಣಿಸಿ 60ರಿಂದ ಭಾಗಿಸಿ ಸೆಟ್ ಮಾಡಬೇಕು, 120 ಬೇಕಿದ್ರೆ 100ಕ್ಕೆ. ರೆಂಚಿಗೆ ಅಡ್ಡಕ್ಕೆ, ಮೂಲೆಮಟ್ಟ ಕೂತರೆ ಲೆಕ್ಕ ಬದಲಾಗಲ್ಲ. ಸಾಕೆಟ್ ಮೇಲೆ ಹಾಕೋ ಉದ್ದ ಎಕ್ಸ್‌ಟೆನ್ಷನ್ನಿಗೂ ಇದು ಬೇಡ.

ಮಾನದಂಡದ ಪ್ರಕಾರ 12 ತಿಂಗಳು ಅಥವಾ 5000 ಸಲ ಬಳಕೆ, ಯಾವುದು ಮೊದಲೋ ಆಗ ಮತ್ತೆ ಕ್ಯಾಲಿಬ್ರೇಷನ್. ಬಿದ್ದರೆ ತಕ್ಷಣ. ಎನ್‌ಎಬಿಎಲ್ ಮಾನ್ಯತೆ ಇರೋ ಪ್ರಯೋಗಾಲಯದಲ್ಲಿ ಮಾಡಿಸಿದ್ರೆ ಕಾಗದಕ್ಕೆ ಬೆಲೆ. ಮಧ್ಯೆ ಮಧ್ಯೆ ಮನೇಲಿ ಒಂದು ಪರೀಕ್ಷೆ ಮಾಡಬಹುದು. ಒಂದು ಬೋಲ್ಟನ್ನ ವೈಸಿನಲ್ಲಿ ಅಡ್ಡಕ್ಕೆ ಗಟ್ಟಿ ಕಚ್ಚಿಸಿ, ಅದರ ತಲೆಗೆ ಸಾಕೆಟ್ ಹಾಕಿ ರೆಂಚನ್ನ ನೆಲಕ್ಕೆ ಸಮಾನಾಂತರ ನಿಲ್ಲಿಸಿ. ಹಿಡಿಕೆಯ ಗುರುತು ಚೌಕದ ನಡುವಿನಿಂದ 40 ಸೆಂಟಿಮೀಟರ್ ಇದ್ರೆ, ಅಲ್ಲಿಂದ ಸರಿಯಾದ ಕಾಟಾದಲ್ಲಿ ತೂಗಿದ 25 ಕೆಜಿ ನಿಧಾನವಾಗಿ ಇಳಿಬಿಡಿ. ಅದು 98 ಆಯ್ತು. ರೆಂಚಿನ ಸ್ವಂತ ತೂಕಕ್ಕೆ ಇನ್ನೊಂದು ಮೂರು ಸೇರಿಸಿ, 101. ರೆಂಚನ್ನ 95ಕ್ಕೆ ಸೆಟ್ ಮಾಡಿದಾಗ ಕ್ಲಿಕ್ ಅನ್ನಬೇಕು, 107ಕ್ಕೆ ಮಾಡಿದಾಗ ಸುಮ್ಮನಿರಬೇಕು. ಉಲ್ಟಾ ಆದ್ರೆ ಕ್ಯಾಲಿಬ್ರೇಷನ್ನಿಗೆ ಕಳಿಸೋ ಹೊತ್ತು. ಇದು ಸರ್ಟಿಫಿಕೇಟಿಗೆ ಬದಲಿ ಅಲ್ಲ, ಸುಳ್ಳು ಹೇಳೋ ರೆಂಚನ್ನ ಹಿಡಿಯೋಕೆ ಸಾಕು.

ಅಡಿಕೆ ಮಂಡೀಲಿ ನಾವು ತಕ್ಕಡಿ ಮುಂದೆ ಹೇಗೆ ನಿಲ್ತೀವಿ ನೆನಪು ಮಾಡಿಕೊಳ್ಳಿ. ಮುದ್ರೆ ಇದೆಯಾ, ಸೊನ್ನೆಗೆ ಬಂತಾ, ಚೀಲದ ತೂಕ ಎಷ್ಟು ಕಳೆದ್ರಿ, ನೂರು ಗ್ರಾಂಗೆ ಜಗಳ ಆಡ್ತೀವಿ. ಆಡಲೇಬೇಕು. ಅದೇ ಮನುಷ್ಯ ಆ ಅಡಿಕೆ ತಂದ ಟ್ರೈಲರಿನ ಚಕ್ರವನ್ನ ಅಂದಾಜಿಗೆ ಬಿಡ್ತಾನೆ. ಬಾಡಿಗೆಗೆ ಯಂತ್ರ ಕೊಡೋರನ್ನೂ ಇದೇ ಥರ ಕೇಳಬೇಕು. ಗಂಟೆಗೆ ಇಷ್ಟು ಅಂತ ದುಡ್ಡು ಎಣಿಸಿಕೊಳ್ಳೋವಾಗ ಚಕ್ರದ ನಟ್ಟು, ಬ್ಲೇಡಿನ ಬೋಲ್ಟು ಯಾವಾಗ, ಎಷ್ಟಕ್ಕೆ ಬಿಗಿ ಮಾಡಿದ್ದು ಅಂತ ಒಂದು ಪುಸ್ತಕದಲ್ಲಿ ಬರೆದು ತೋರಿಸಲಿ. ಬ್ಲೇಡ್ ಹಾರಿದ್ರೆ ಮುಂದೆ ನಿಂತಿರೋದು ನಮ್ಮ ಗದ್ದೆಗೆ ಬಂದ ಕೂಲಿಯವಳು, ಯಂತ್ರದ ಮಾಲೀಕ ಅಲ್ಲ.

ನನ್ನ ಪ್ರಸ್ತಾಪ ಇಷ್ಟು. ಪ್ರತಿ ಊರಿನ ಸಹಕಾರ ಸಂಘದಲ್ಲಿ ಒಂದು ಮುಕ್ಕಾಲು ಇಂಚಿನ, ಒಂದು ಅರ್ಧ ಇಂಚಿನ ರೆಂಚು ಇರಲಿ. ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಅನ್ನೋದು ನಮಗೆ ಗೊತ್ತಿರೋದೇ, ಅದಕ್ಕೆ ಒಬ್ಬರ ವಶದಲ್ಲೇ ಇರಬೇಕು. ನಮ್ಮ ಬೀದಿಲಿ ಫ್ಯಾಕ್ಟರಿಯಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿದ್ದಾರೆ, ಒಪ್ಪಿದ್ದಾರೆ. ಅವರ ಷರತ್ತು: ರೆಂಚು ತಗೊಂಡು ಹೋಗೋರು ಅವರ ಮುಂದೆ ಒಂದು ಸಲ ಸೆಟ್ ಮಾಡಿ ತೋರಿಸಬೇಕು, ವಾಪಸ್ ತಂದಾಗ ಅಂಕಿ ಕನಿಷ್ಠಕ್ಕೆ ಇಳಿದಿರಬೇಕು, ಇಲ್ಲದಿದ್ರೆ ಮುಂದಿನ ಸಲ ಇಲ್ಲ. ಸಂಘದ ಮುಂದಿನ ಸಭೇಲಿ ನಾನು ಇದನ್ನ ಎತ್ತುತ್ತೀನಿ. ಬರೋರು ದಯವಿಟ್ಟು ಒಂದು ಕೆಲಸ ಮಾಡಿ: ನಿಮ್ಮ ಟ್ರ್ಯಾಕ್ಟರು, ಟಿಲ್ಲರು, ರೋಟವೇಟರಿನ ಪುಸ್ತಕದಲ್ಲಿ ಟಾರ್ಕ್ ಪಟ್ಟಿ ಇರೋ ಪುಟದ ಫೋಟೋ ತಗೊಂಡು ಬನ್ನಿ. ಪುಸ್ತಕ ಕಳೆದಿದ್ರೆ ಮಾಡೆಲ್ ನಂಬರ್ ಬರೆದು ತನ್ನಿ. ಯಾವ ನಟ್ಟಿಗೆ ಎಷ್ಟು ಅಂತ ಕನ್ನಡದಲ್ಲಿ ಒಂದು ಹಾಳೆ ಮಾಡಿ, ಲ್ಯಾಮಿನೇಷನ್ ಹಾಕಿಸಿ ಆ ಡಬ್ಬಿ ಮುಚ್ಚಳಕ್ಕೇ ಅಂಟಿಸೋಣ. ಪೈಪ್ ತರೋದಿದ್ರೆ ತನ್ನಿ, ಸಂಘದ ಕೊಟ್ಟಿಗೆ ಚಪ್ಪರಕ್ಕೆ ಒಂದೆರಡು ಕಂಬ ಕಮ್ಮಿ ಇದೆ.